ಗುಡಿಸದೆ ಉಳಿದ ಹೆಜ್ಜೆ

ಸಿನಿಮಾದವರು ನಮ್ಮೂರಿಗೆ ಬಂದ ದಿನ ಪುರಸಭೆಯಿಂದ ಅವರಿಗೆ ಮೊದಲು ಕೊಟ್ಟದ್ದು ಕಸಬರಿಗೆ. ಮೂವತ್ತೆಂಟು ಮಂದಿಗೆ ಮೂವತ್ತೆಂಟು ಕಸಬರಿಗೆ. ಹಂಚುವ ಕೆಲಸ ಗುಮಾಸ್ತನಾದ ನನಗೇ ಬಂತು. ಕ್ಯಾಮೆರಾದ ಹುಡುಗರು ನಕ್ಕರು. ಒಬ್ಬ ಅದನ್ನು ಗದೆಯಂತೆ ಹೆಗಲ ಮೇಲಿಟ್ಟುಕೊಂಡು ಫೋಟೊ ತೆಗೆಸಿಕೊಂಡ. "ದೀಪಾ ಹಚ್ಚೋ ಹೊತ್ತಿಗೆ ನಿಮ್ಮ ನಿಮ್ಮ ಹೆಜ್ಜಿ ನೀವ ಗುಡಸಬೇಕ್ರೀ. ಮಂದೀವು ಗುಡಸಾಕ ಹೋಗಬ್ಯಾಡ್ರಿ, ಅವು ಹೋಗೂದಿಲ್ಲ," ಎಂದು ಹೇಳಿದೆ. ಮೂರನೆಯ ದಿನಕ್ಕೆ ಯಾರೂ ನಗುತ್ತಿರಲಿಲ್ಲ. ಬೂಟು ಹಾಕಿಕೊಂಡಿದ್ದರೂ ಬರಿಗಾಲಿನಂತೆ ಐದೂ ಬೆರಳು ಮೂಡಿ, ಲಾಡ್ಜಿನಲ್ಲಿ ಯಾರು ಯಾರ ಕೋಣೆಗೆ ಎಷ್ಟು ಸಲ ಹೋದರು ಎಂಬುದು ಎದುರಿನ ಚಹಾದಂಗಡಿಯವನಿಗೂ ತಿಳಿದುಹೋಗಿತ್ತು. ನಾಲ್ಕನೆಯ ದಿನ ಸಂಜೆ ಮೇಕಪ್ಪಿನವರು, ಲೈಟಿನವರು, ಅಡುಗೆಯವರು ಎಲ್ಲರೂ ಬಗ್ಗಿ ಗುಡಿಸುತ್ತ ಹಿಂದೆ ಹಿಂದೆ ಸರಿಯುವುದನ್ನು ನೋಡಿ ನಮ್ಮೂರಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ನಮ್ಮಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲು ತಮ್ಮ ಪಾದವನ್ನು ಗುರುತು ಹಿಡಿಯಲು ಕಲಿಯುತ್ತಾರೆ. ಮಳೆ ಬರಲಿ, ಗಾಳಿ ಬೀಸಲಿ, ಲಾರಿ ಹಾಯಲಿ, ಬಿದ್ದ ಹೆಜ್ಜೆ ಬಿದ್ದಂತೆಯೇ ಇರುತ್ತದೆ. ಇಟ್ಟವನು ಗುಡಿಸಿದರೆ ಮಾತ್ರ ಹೋಗುತ್ತದೆ. ಸತ್ತವರ ಕೊನೆಯ ದಿನದ ಹೆಜ್ಜೆಗಳನ್ನು ಹನ್ನೊಂದನೆಯ ದಿನ ಹೆತ್ತವರೋ ಮಕ್ಕಳೋ ಗುಡಿಸುತ್ತಾರೆ; ಬೇರೆಯವರ ಕೈಗೆ ಅವೂ ಹೋಗುವುದಿಲ್ಲ. ಅಳುತ್ತಲಾದರೂ ಎಲ್ಲರೂ ಆ ಕೆಲಸ ಮಾಡಿ ಮುಗಿಸುತ್ತಾರೆ. ಮಾಡದವಳು ಕಲ್ಲವ್ವ ಒಬ್ಬಳೇ. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವ ಕಲ್ಲವ್ವ ತನ್ನ ಮಗ ಚಂದ್ರಾಮನ ಹೆಜ್ಜೆಗಳನ್ನು ಒಂಬತ್ತು ವರ್ಷಗಳಿಂದ ಹಾಗೆಯೇ ಬಿಟ್ಟಿದ್ದಳು. ಅವು ಅವಳ ಹೊಸ್ತಿಲಿನಿಂದ ಹೊರಟು, ಪೇಟೆಯ ನಡುವೆ ಹಾದು, ನಮ್ಮ ಸಂದಿಯ ಬಾಯಿಯವರೆಗೆ ಬರುತ್ತವೆ. ಅಲ್ಲಿ ಮುರಿಯುತ್ತವೆ. ಮತ್ತೆ ಕಾಣುವುದು ಊರ ಹೊರಗಿನ ಇಟ್ಟಿಗೆ ಭಟ್ಟಿಯ ಹತ್ತಿರ, ಏಳೇ ಏಳು. ಆಮೇಲೆ ಇಲ್ಲ. ಪೇಟೆಯವರು ಅವುಗಳ ಆಚೆ ಈಚೆ ಗಾಡಿ ನಿಲ್ಲಿಸಿ ಬಾಳೆಹಣ್ಣು ಮಾರುತ್ತಾರೆ. ಹೊಸದಾಗಿ ಮದುವೆಯಾಗಿ ಬಂದವರಿಗೆ ಅತ್ತೆಯರು, "ಅದು ಕಲ್ಲವ್ವನ ಮಗಂದು, ದಾಟಿ ಹೋಗವಾ," ಎಂದು ಹೇಳಿಕೊಡುತ್ತಾರೆ.

ಚಂದ್ರಾಮನ ಬಗ್ಗೆ ಹೇಳಬೇಕು. ಹೇಳಲು ನಾನು ತಕ್ಕವನೋ ಅಲ್ಲವೋ ಎಂಬುದು ಈಗ ನನಗೇ ಗೊತ್ತಿಲ್ಲ. ಆಗ ನಾನು ಪುರಸಭೆಯ ನೀರಿನ ವಿಭಾಗದಲ್ಲಿ ವಾಲ್ವ್ ತಿರುಗಿಸುವವನಾಗಿದ್ದೆ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ನಪಾಸಾಗಿದ್ದೆ. ಹತ್ತನೆಯ ತರಗತಿಯ ಚಂದ್ರಾಮ ನಮ್ಮ ಮನೆಯ ಜಗಲಿಯ ಮೇಲೆ ಕೂತು ನನಗೆ ಲೆಕ್ಕ ಹೇಳಿಕೊಡುತ್ತಿದ್ದ. ಇಪ್ಪತ್ತಾರು ವರ್ಷದ ನಾನು ಹದಿನೈದು ವರ್ಷದವನ ಮುಂದೆ ಪೆನ್ಸಿಲ್ ಹಿಡಿದು ಬೆವರುತ್ತಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಐದನೆಯ ಲೆಕ್ಕ ಯಾವಾಗಲೂ ಉದ್ದ. ಅದನ್ನು ಕಂಡರೆ ನಾನು ಹೆದರಿ ಬಿಟ್ಟುಬಿಡುತ್ತಿದ್ದೆ. "ಅಣ್ಣಾ, ಅದು ಉದ್ದ ಐತಿ ಅಷ್ಟ, ಕಠಿಣ ಇಲ್ಲ. ನೀವು ನೋಡಿದ ಕೂಡಲೇ ಓಡಿ ಹೊಂಟರ ಅದರೇನು ಮಾಡಬೇಕು?" ಎನ್ನುತ್ತಿದ್ದ.

ಲೆಕ್ಕದಂತೆಯೇ ಅವನಿಗೆ ಹೆಜ್ಜೆ ಓದುವುದೂ ಬರುತ್ತಿತ್ತು. ನಮಗೆಲ್ಲ ಯಾರ ಹೆಜ್ಜೆ ಎಂಬಷ್ಟು ತಿಳಿದರೆ, ಅವನಿಗೆ ಆ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಏನಿತ್ತು ಎಂಬುದೂ ತಿಳಿಯುತ್ತಿತ್ತು. "ಬೆರಳು ಆಳ ಇದ್ರ ಓಡ್ಯಾನ. ಹಿಮ್ಮಡ ಆಳ ಇದ್ರ ಕಾಯಕೋತ ನಿಂತಾನ. ಹೊರಗಿನ ಅಂಚು ಆಳ ಇದ್ರ, ಅಣ್ಣಾ, ಅಂವಾ ಮನ್ಯಾಗ ಏನೋ ಸುಳ್ಳು ಹೇಳಿ ಬಂದಾನ," ಎಂದು ನನಗೂ ಕಲಿಸಲು ನೋಡಿದ. ಸಂತೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಅವನೇ ಹುಡುಕಿಕೊಟ್ಟ. ಹತ್ತಿ ಗಿರಣಿಯ ಮುರಿಗೆಪ್ಪ ಅದನ್ನು ನೋಡಿ ಅವನಿಗೆ ಕೈಗಡಿಯಾರ ಕಟ್ಟಿದ. ಮುರಿಗೆಪ್ಪನಿಗೂ ಬಾವಿ ಓಣಿಯ ಭೀಮಶಿಗೂ ಹಳೆಯ ಹಗೆ. ಎರಡೂ ಕಡೆ ಚಾಕು ಹಿಡಿಯುವ ಹುಡುಗರಿದ್ದರು. ಮುರಿಗೆಪ್ಪ ಮೊದಲು ಇವತ್ತು ಯಾರು ಯಾರ ಮನೆಗೆ ಹೋದರು ಎಂದು ಚಂದ್ರಾಮನನ್ನು ಕೇಳಿದ. ಆಮೇಲೆ ಭೀಮಶಿ ಎಲ್ಲಿ ಅಡಗಿದ್ದಾನೆ ಎಂದು ಕೇಳಿದ. ಭೀಮಶಿ ನಾಲ್ಕು ದಿನ ನೆಲಕ್ಕೆ ಕಾಲಿಡದೆ ಕಾಂಪೌಂಡುಗಳ ಮೇಲೆಯೇ ಓಡಾಡಿದ್ದ. ಚಂದ್ರಾಮ ಅವನ ಹೆಜ್ಜೆ ಹುಡುಕಲೇ ಇಲ್ಲ, ಅವನ ಹೆಂಡತಿಯ ಹೆಜ್ಜೆ ನೋಡಿದ. ಹೋಗುವಾಗ ಭಾರ, ಬರುವಾಗ ಹಗುರ. ಬುತ್ತಿ ಒಯ್ಯುತ್ತಿದ್ದಾಳೆ. ಇದನ್ನು ಅವನು ಜಗಲಿಯ ಮೇಲೆ ಒಗಟಿನಂತೆ ನನಗೆ ಹೇಳಿದ, ಹೆಸರು ಹೇಳಲಿಲ್ಲ. ನಾನು ಬೆನ್ನು ತಟ್ಟಿ "ಶಾಬಾಸ್" ಎಂದೆ. ಮರುದಿನ ಭೀಮಶಿಯನ್ನು ಪಂಪ್‌ಹೌಸಿನೊಳಗೆ ಕಡಿದು ಹಾಕಿದ್ದರು. ಚಂದ್ರಾಮ ನನಗೆ ಲೆಕ್ಕ ಹೇಳಲು ಬರುವುದನ್ನು ನಿಲ್ಲಿಸಿದ. ನಾಲ್ಕನೆಯ ದಿನ ನನ್ನ ಪರೀಕ್ಷೆ. ಐದನೆಯ ದಿನ ಬೆಳಿಗ್ಗೆ ಅವನ ಹೆಣ ಇಟ್ಟಿಗೆ ಭಟ್ಟಿಯಲ್ಲಿ ಸಿಕ್ಕಿತು.

ಇದನ್ನೇ ನಾನು ಸಂಜೆ ಕಾಲೇಜಿನ ಬೆಳ್ಳಿಹಬ್ಬದ ಸಂಚಿಕೆಗೆ ಬರೆದಿದ್ದೆ. ಆರು ಸಲ ತಿದ್ದಿ, ಕಳಿಸಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಯೋಚಿಸಿ ಕಳಿಸಿದೆ. ಅದು ಹೇಗೋ ನಿರ್ದೇಶಕಿ ಹರಿಣಾಕ್ಷಿ ಮೇಡಂ ಕೈಗೆ ಸಿಕ್ಕಿ, ಅವರು ಸಿನಿಮಾ ಮಾಡಲು ಬಂದರು. ನನ್ನ ಬರಹದ ಕೊನೆ ಹೀಗಿತ್ತು. ಸಂದಿಯ ಬಾಯಲ್ಲಿರುವ ಚಂದ್ರಾಮನ ಕೊನೆಯ ಹೆಜ್ಜೆಯ ಬೆರಳುಗಳು ರಸ್ತೆಯ ಕಡೆಗಿಲ್ಲ, ಸಂದಿಯ ಒಳಕ್ಕೆ ತಿರುಗಿವೆ. ಅಂದರೆ ಅವನು ನನ್ನ ಮನೆಗೇ ಓಡಿ ಬರುತ್ತಿದ್ದ. ಇನ್ನೊಂದು ಹೆಜ್ಜೆ ಇಡುವುದರೊಳಗೆ, ಕೊಲೆಯ ಗುಟ್ಟು ಬಾಯಿಬಿಟ್ಟಾನೆಂದು ಮುರಿಗೆಪ್ಪನ ಕಡೆಯ ನಾಲ್ವರು ಅವನನ್ನು ಎತ್ತಿ ಬೈಕಿನ ಮೇಲೆ ಹಾಕಿಕೊಂಡು ಹೋದರು. ಬೈಕಿನ ಹಿಂದೆ ಅವನು ಕೂತಿದ್ದನ್ನು ಚಹಾದಂಗಡಿಯವನು ನೋಡಿದ್ದ. ಪೊಲೀಸರೂ ಹಾಗೆಯೇ ಬರೆದುಕೊಂಡರು. ಮುರಿಗೆಪ್ಪ ಬೇರೆ ಯಾವುದೋ ಕೊಲೆಗೆ ಜೈಲಿಗೆ ಹೋದ. ನಾನು ಪಾಸಾಗಿ ಗುಮಾಸ್ತನಾದೆ. ಒಂದು ಹೆಜ್ಜೆ ಕಡಿಮೆಯಾಗಿ ಅವನು ನನ್ನನ್ನು ತಲುಪಲಿಲ್ಲವಲ್ಲ ಎಂದು ಎಷ್ಟೋ ಸಲ ಮರುಗಿದ್ದೇನೆ. ಆ ಮರುಕದಲ್ಲಿ ಸ್ವಲ್ಪ ಸಮಾಧಾನವೂ ಇತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಚಿತ್ರೀಕರಣದಲ್ಲಿ ನನಗೆ ಕೊಟ್ಟದ್ದು ತಾಳೆ ನೋಡುವ ಕೆಲಸ. ಒಂಬತ್ತು ವರ್ಷದ ಹಿಂದೆ ಏನಿತ್ತೋ ಅದು ಇರಬೇಕು, ಇಲ್ಲದ್ದು ಕಾಣಬಾರದು. ಮೊಬೈಲ್ ಟವರ್ ಕಾಣದಂತೆ ಕ್ಯಾಮೆರಾ ತಿರುಗಿಸಿ ಎಂದು ಹೇಳುವುದು, ಅಂಗಡಿಯ ಬೋರ್ಡು ಬದಲಿಸುವುದು. ಚಂದ್ರಾಮನ ಪಾತ್ರಕ್ಕೆ ಬಂದಿದ್ದ ನಿಹಾಲ್ ಎಂಬ ಹುಡುಗನಿಗೆ ಕೈಗಡಿಯಾರ ಎಡಗೈಗೋ ಬಲಗೈಗೋ ಎಂಬುದನ್ನೂ ನಾನೇ ಹೇಳಬೇಕಿತ್ತು. ಕಲ್ಲವ್ವ ದಿನಾ ಮಧ್ಯಾಹ್ನ ರೊಟ್ಟಿಯ ಬುಟ್ಟಿ ಹೊತ್ತು ಬಂದು ತಂಡಕ್ಕೆಲ್ಲ ಬಡಿಸುತ್ತಿದ್ದಳು. ಮೊದಲ ದಿನ ನಿಹಾಲ್‌ನನ್ನು ನೋಡಿ, "ನಮ್ಮಂವಾ ಇಷ್ಟ ಕೆಂಪಗಿರಲಿಲ್ಲ ಬಿಡ್ರಿ," ಎಂದು ನಕ್ಕು, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಹರಿಣಾಕ್ಷಿ ಮೇಡಂ, "ಅಮ್ಮಾ, ನೀವು ಯಾಕೆ ಇನ್ನೂ ಗುಡಿಸಿಲ್ಲ?" ಎಂದು ಕೇಳಿದರು. "ಮನೀಂದ ಹೊಂಟಾಗ ನಾಕ ಗಂಟೆ. ಬೈಕಿನ ಮ್ಯಾಲ ಕಂಡಾಗ ಐದಕ್ಕ ಹತ್ತ ಕಮ್ಮಿ. ಸಂದೀತನಾ ಬರಾಕ ಕಾಲ ತಾಸು ಸಾಕು. ಉಳಿದದ್ದು ಎಲ್ಲಿದ್ದ ಅಂತ ನನಗ ತಿಳೀವಲ್ದು, ಮೇಡಂ. ಪೂರ್ತಿ ಸಿಗಲಾರದ ಹೆಂಗ ಗುಡಸ್ಲಿ?" ಎಂದಳು ಕಲ್ಲವ್ವ. ಆ ಲೆಕ್ಕವನ್ನು ಅವಳು ಊರಿನ ಎಲ್ಲರ ಮುಂದೆಯೂ ಹೇಳಿದ್ದಳು. ಹೆತ್ತ ಕರುಳು, ಏನೋ ಹೇಳುತ್ತದೆ ಎಂದು ನಾವು ಸುಮ್ಮನಿದ್ದೆವು.

ತಪ್ಪು ನಡೆದದ್ದು ನನ್ನ ಕೆಲಸದ ಚೊಕ್ಕತನದಿಂದಲೇ. ಅವನನ್ನು ಎತ್ತಿಕೊಂಡು ಹೋಗುವ ದೃಶ್ಯಕ್ಕಾಗಿ ನಮ್ಮ ಸಂದಿಗೆ ಬಂದಾಗ ಮೇಡಂ, "ಈ ಕಲ್ಲು ಹಾಸು ಆಗಲೂ ಇತ್ತಾ ಗುರುಶಾಂತ್?" ಎಂದು ಕೇಳಿದರು. ನಮ್ಮದು ಮುಂದೆ ದಾರಿಯಿಲ್ಲದ ಸಂದಿ. ಒಂದು ಹಾಳು ಗೋದಾಮು, ಒಂದು ನಮ್ಮ ಮನೆ. ಸಂದಿಯ ಬಾಯಿಂದ ನಮ್ಮ ಹೊಸ್ತಿಲಿನವರೆಗೆ ಫರಸಿ ಕಲ್ಲು ಹಾಸಿದೆ. ಅವ್ವ ತನ್ನ ಬೆಂಡೋಲೆ ಮಾರಿ ಹಾಸಿಸಿದ್ದು. ಮಗ ಸಂಜೆ ಕಾಲೇಜಿನಿಂದ ಬರುವಾಗ ಸೈಕಲ್ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು. ಆ ಕಲ್ಲುಗಳ ಮೇಲೆ ಕಾಲಿಡುವಾಗಲೆಲ್ಲ ನನಗೆ ಅವ್ವನ ಖಾಲಿ ಕಿವಿ ನೆನಪಾಗುತ್ತಿತ್ತು. "ಇರಲಿಲ್ರೀ. ಇವು ಅದ ವಾರ ಹಾಸಿದ್ದು, ಘಟನಾ ಆದಮ್ಯಾಲ. ಆಗ ಬರೀ ಮಣ್ಣು," ಎಂದೆ. ಹೇಳದೆ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಡಂ ಕೂಡ ಮಣ್ಣು ಚೆಲ್ಲಿದರಾಯಿತು ಎಂದರು. ನಾನೇ, "ಮಣ್ಣ ಚೆಲ್ಲಿದ್ರ ಹೆಜ್ಜಿ ಬ್ಯಾರೆ ಥರಾ ಬೀಳತಾವ್ರಿ, ನಮ್ಮೂರವರಿಗೆ ಗೊತ್ತಾಗ್ತದ. ಎಬ್ಬಿಸಿ ಮತ್ತ ಹಾಕಿಕೊಟ್ಟರಾತು," ಎಂದೆ.

ಮನೆಗೆ ಹೋಗಿ ಅವ್ವನಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ನೀರಿನ ಚೆರಿಗೆಯನ್ನು ಕೆಳಗಿಟ್ಟಳು. "ಬ್ಯಾಡ," ಎಂದಳು. "ಎರಡ ದಿನದ ಮಾತವ್ವಾ." "ನನ್ನ ಕಲ್ಲ ಅವು. ನನ್ನ ಬೆಂಡೋಲಿ ಅವು. ಬ್ಯಾಡ ಅಂದ್ರ ಬ್ಯಾಡ." ಅವಳು ಹಾಗೆ ಹಟ ಮಾಡಿದ್ದನ್ನು ನಾನು ನೋಡಿರಲಿಲ್ಲ. ವಯಸ್ಸಾಗಿದೆ, ವಸ್ತುಗಳ ಮೇಲೆ ಮೋಹ ಎಂದುಕೊಂಡೆ. "ಅವ್ವಾ, ಚಂದ್ರಾಮನ ಸಿನಿಮಾ ಇದು. ಖರೇ ಇದ್ದಂಗ ತೋರಸಬೇಕೋ ಬ್ಯಾಡೋ?" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನಂತರ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ನಾಲ್ಕು ಜನ ಹಾರೆ ಹಾಕಿ ಸಂದಿಯ ಬಾಯಿಯ ಮೊದಲ ಕಲ್ಲು ಎತ್ತಿದರು. ಕೆಳಗೆ ಒಣಗಿದ ಮಣ್ಣು, ಅದರ ಮೇಲೆ ಒಂದು ಹೆಜ್ಜೆ. ಕೆಲಸದವನೊಬ್ಬ ಕಲ್ಲನ್ನು ಹಾಗೆಯೇ ಹಿಡಿದು ನಿಂತುಬಿಟ್ಟ. ಹೊರಗಿರುವ ಕೊನೆಯ ಹೆಜ್ಜೆಗೆ ಇದು ಸರಿಯಾಗಿ ಮುಂದಿನದು. ಬಲಗಾಲು, ಕಿರುಬೆರಳು ತುಸು ಒಳಕ್ಕೆ ಮಡಚಿದ್ದು. ಹಿಂದೆ ಯಾರೋ, "ಅಯ್ಯ ನಮ್ಮವ್ವ, ಕಲ್ಲವ್ವನ ಮಗಂದು," ಎಂದರು. ಎರಡನೆಯ ಕಲ್ಲು ಎತ್ತಿದರು. ಮೂರನೆಯದು. ನಾನು ನಿಲ್ಲಿಸಿ ಎನ್ನಬೇಕಿತ್ತೇನೋ. ಒಂದೊಂದು ಕಲ್ಲಿನ ಕೆಳಗೂ ಹೆಜ್ಜೆ, ಒಂದು ಸಾಲು ಒಳಕ್ಕೆ, ಇನ್ನೊಂದು ಸಾಲು ಹೊರಕ್ಕೆ. ಒಳಕ್ಕೆ ಬಂದವುಗಳಲ್ಲಿ ಬೆರಳು ಆಳ. ಓಡಿ ಬಂದಿದ್ದಾನೆ. ನನಗೆ ಅವನೇ ಕಲಿಸಿದ ಓದು ಅದು.

ಕೊನೆಯ ಕಲ್ಲು ನಮ್ಮ ಹೊಸ್ತಿಲಿಗೆ ತಾಗಿಕೊಂಡಿತ್ತು. ಅದರ ಕೆಳಗೆ ಎರಡು ಪಾದ ಜೊತೆಯಾಗಿ, ಬಾಗಿಲಿಗೆ ಮುಖ ಮಾಡಿ ನಿಂತಿದ್ದವು. ಹಿಮ್ಮಡಿ ಎಷ್ಟು ಆಳವೆಂದರೆ ಅಲ್ಲಿ ನೀರು ನಿಲ್ಲಬಹುದಿತ್ತು. ಅವನು ಬಹಳ ಹೊತ್ತು ಕಾದಿದ್ದ. ಪಕ್ಕದಲ್ಲಿ, ಕಿಟಕಿಯ ಕೆಳಗೆ, ಬರೀ ಬೆರಳುಗಳ ಗುರುತು. ತುದಿಗಾಲಿನಲ್ಲಿ ನಿಂತು ಒಳಗೆ ಇಣುಕಿದ್ದ. ಆ ಕಿಟಕಿಯ ಒಳಗೆ ನನ್ನ ಮೇಜು. ಹೊಸ್ತಿಲಿನ ಈ ಕಡೆ, ಅವನ ಪಾದಗಳಿಗೆ ಎದುರಾಗಿ, ಕಸಬರಿಗೆಯ ಗೀರುಗಳು ಬೀಸಣಿಗೆಯಂತೆ ಹರಡಿದ್ದವು. ಅಂದರೆ ಬಾಗಿಲು ತೆರೆದಿತ್ತು. ಯಾರೋ ಹೊರಗೆ ಬಂದು ಅವನೆದುರು ನಿಂತಿದ್ದರು. ಸಂಜೆ ತಮ್ಮ ಹೆಜ್ಜೆಯನ್ನಷ್ಟೇ ಗುಡಿಸಿಕೊಂಡಿದ್ದರು.

ಆ ದಿನದ ಒಂದೊಂದು ಸಣ್ಣ ಸಂಗತಿಯೂ, ಒಂಬತ್ತು ವರ್ಷ ಸುಮ್ಮನೆ ಬಿದ್ದಿದ್ದದ್ದು, ಎದ್ದು ಕೂತಿತು. ಸಂಜೆ ಪರೀಕ್ಷೆಗೆ ಹೊರಟಾಗ ಅವ್ವ, "ಮುಂದಿನ ಬಾಗಲಾ ಸಾರಿಸೀನಿ, ಹಿತ್ತಲಿಂದ ಹೋಗು," ಎಂದಿದ್ದಳು. ಬಂದಾಗ ಸಂದಿಯ ತುಂಬ ಚಾಪೆ ಹಾಸಿ ಮೆಣಸಿನಕಾಯಿ ಒಣಹಾಕಿದ್ದಳು. ಆ ಕಾಲದಲ್ಲಿ ಎಲ್ಲರೂ ಹಾಕುತ್ತಾರೆ. ಅದೇ ವಾರ ಕಲ್ಲು ಬಂದವು, ಹಾಸಿದವರು ಪರವೂರಿನವರು. ಪರೀಕ್ಷೆಗೆ ಹೊರಡುವ ಮೊದಲು, ನಾನು ಮೇಜಿನ ಮುಂದೆ ಕೂತಿದ್ದಾಗ ಏನೋ ಸಪ್ಪಳವಾಗಿ, "ಯಾರವ್ವಾ?" ಎಂದಿದ್ದೆ. "ಯಾರೂ ಇಲ್ಲ, ಓದಿಕೋ," ಎಂದಿದ್ದಳು. ಇದು ನನಗೆ ಯಾವಾಗಲೂ ನೆನಪಿತ್ತೋ, ಆಗ ನೆನಪಾಯಿತೋ, ಇಂದಿಗೂ ಖಚಿತವಾಗಿ ಹೇಳಲಾರೆ.

ಹೊರಕ್ಕೆ ಹೋದ ಸಾಲನ್ನು ನೋಡಿದೆ. ಅದು ಎಲ್ಲಕ್ಕಿಂತ ಕಷ್ಟದ್ದು. ಓಡಿಲ್ಲ. ಎಳೆದ ಗುರುತಿಲ್ಲ. ಮೊದಲು ಹಿಮ್ಮಡಿ, ಆಮೇಲೆ ಬೆರಳು, ಸಮ ಅಂತರ, ಶಾಲೆ ಬಿಟ್ಟು ಮನೆಗೆ ಹೋಗುವ ಹುಡುಗನಂತೆ ನಡೆದಿದ್ದಾನೆ. ಸಂದಿಯ ಬಾಯಿಯ ಬದಿಯ ಕಲ್ಲಿನ ಕೆಳಗೆ ಎಡಗಾಲು ಒತ್ತಿ, ಬಲಗಾಲು ಎತ್ತಿದ ಗುರುತಿತ್ತು. ಬೈಕನ್ನು ಅವನೇ ಹತ್ತಿದ್ದ. ನಮ್ಮ ಸಿನಿಮಾದಲ್ಲಿ ನಾಲ್ಕು ಜನ ಅವನನ್ನು ಎತ್ತಿಹಾಕಿಕೊಳ್ಳುವ ದೃಶ್ಯಕ್ಕೆಂದು ಬಂದಿದ್ದ ಫೈಟರ್‌ಗಳು ಗೋದಾಮಿನ ಗೋಡೆಗೆ ಒರಗಿ ನಿಂತಿದ್ದರು. ಅವರಲ್ಲೊಬ್ಬ ಬೀಡಿ ಆರಿಸಿದ. "ಯಾರೂ ಎಳಕೊಂಡು ಹೋಗಿಲ್ವಾ?" ಎಂದು ನಿಹಾಲ್ ಮೆಲ್ಲಗೆ ಕೇಳಿದ. ಹರಿಣಾಕ್ಷಿ ಮೇಡಂ ಕ್ಯಾಮೆರಾದ ಮೇಲೆ ಕೈ ಇಟ್ಟು ಅದನ್ನು ನೆಲದ ಕಡೆಗೆ ಬಗ್ಗಿಸಿದರು.

ಅವ್ವ ಬಾಗಿಲಲ್ಲಿ ಬಂದು ನಿಂತಿದ್ದಳು. "ಅವ್ವಾ," ಎಂದೆ. ಅಷ್ಟರಲ್ಲಿ ಯಾರೋ ಓಡಿಹೋಗಿ ಹೇಳಿ, ಕಲ್ಲವ್ವ ಬಂದಳು. ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ಮಂದಿ ದಾರಿ ಬಿಟ್ಟರು. ಅವಳು ಸಂದಿಯ ಬಾಯಿಂದ ಒಂದೊಂದು ಹೆಜ್ಜೆಯ ಪಕ್ಕದಲ್ಲಿ ತನ್ನ ಒಂದೊಂದು ಹೆಜ್ಜೆ ಇಡುತ್ತ, ಬಗ್ಗಿ ನೋಡುತ್ತ ಹೊಸ್ತಿಲವರೆಗೆ ಬಂದಳು. ಕಿಟಕಿಯ ಕೆಳಗಿನ ಬೆರಳುಗಳನ್ನು ನೋಡಿದಳು. ಕಸಬರಿಗೆಯ ಗೀರುಗಳನ್ನು ನೋಡಿದಳು. ಆಮೇಲೆ ತಲೆಯೆತ್ತಿ, ಜಗಳದ ದನಿಯಲ್ಲಲ್ಲ, ಸಂತೆಯಲ್ಲಿ ಸಿಕ್ಕವರನ್ನು ಕೇಳುವಂತೆ ಕೇಳಿದಳು: "ಸಂಗಕ್ಕಾ, ಏನಂದಾ ನನ್ನ ಮಗ?"

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅಣ್ಣನ್ನ ಕರೀರಿ ಅಂದ. ಮನ್ಯಾಗಿಲ್ಲ ಅಂದೆ. ಕಿಡಕ್ಯಾಗ ಹಣಿಕಿ ಹಾಕಿ ಬಂದು, ಅದಾನಲ್ಲ ಚಿಗವ್ವಾ, ಕುಂತಾನಲ್ಲ ಅಂದ."

"ನೀ ಏನಂದಿ?"

"ಪರೀಕ್ಷಾ ಐತಿ, ಈಗ ಆಗೂದಿಲ್ಲ, ಹೋಗಪಾ ಅಂದೆ. ಸಂದೀ ಬಾಯಾಗ ಅವರು ಗಾಡಿ ಹಚ್ಚಿ ನಿಂತಿದ್ರ ಕಲ್ಲವ್ವಾ. ನಾ ನೋಡಿದೆ. ನನಗೂ ಒಬ್ಬನ ಮಗ."

"ಅಂವಾ ಏನಂದ ಅದಕ್ಕ?"

ಅವ್ವ ನನ್ನ ಕಡೆ ನೋಡಲಿಲ್ಲ. "ಹೌದಲ್ಲ, ಇವತ್ತ ಪರೀಕ್ಷಾ, ಮರತಿದ್ದೆ ಅಂದ. ಅಲ್ಲೇ ಸುಮ್ಮನ ನಿಂತ, ಭಾಳ ಹೊತ್ತ ನಿಂತ. ನಾ ಬಾಗಲಾ ಮುಚ್ಚೂ ಮುಂದ, ಅಣ್ಣಗ ಐದನೇ ಲೆಕ್ಕ ಬಿಡಬ್ಯಾಡ ಅಂತ ಹೇಳ್ರಿ ಅಂದ."

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಹಿತ್ತಲಿಂದ ಹೊರಡುವಾಗ ಅವ್ವ ಅದನ್ನು ನನಗೆ ಹೇಳಿದ್ದಳು. ಓದು ಬಾರದ ಅವ್ವ, "ಐದನೇ ಲೆಕ್ಕ ಬಿಡಬ್ಯಾಡೋ," ಎಂದಾಗ ನಾನು ನಕ್ಕಿದ್ದೆ. ನಮ್ಮ ಪಾಠ ಕೇಳಿ ಕೇಳಿ ಇವಳಿಗೂ ಬಾಯಿಗೆ ಬಂದಿದೆ ಎಂದುಕೊಂಡಿದ್ದೆ. ಪರೀಕ್ಷೆಯಲ್ಲಿ ಆ ಲೆಕ್ಕವನ್ನು ಬಿಡಿಸಿದ್ದೆ. ಅದರಿಂದಲೇ ಪಾಸಾದೆ. ನನ್ನ ಗುಮಾಸ್ತಗಿರಿ, ನನ್ನ ಕುರ್ಚಿ, ಸಂಚಿಕೆಯಲ್ಲಿ ನನ್ನ ಹೆಸರಿನ ಮುಂದೆ ಬಿ.ಕಾಂ. ಎಂಬ ಎರಡಕ್ಷರ, ಎಲ್ಲವೂ ಆ ಲೆಕ್ಕದಿಂದ ಬಂದದ್ದು.

ಕಲ್ಲವ್ವ ಅಳಲಿಲ್ಲ. ಬಹುಶಃ ಎಲ್ಲರೂ ಅದಕ್ಕೆ ಕಾಯುತ್ತಿದ್ದೆವು. ಅವಳು, "ಕುಡ್ಯಾಕ ನೀರರ ಕೊಟ್ಟಿಯೇನು ಅವಗ?" ಎಂದು ಕೇಳಿದಳು. ಅವ್ವ ಇಲ್ಲವೆಂದು ತಲೆಯಾಡಿಸಿದಳು. ಕಲ್ಲವ್ವ ಮನೆಗೆ ಹೋಗಿ, ಗೂಟಕ್ಕೆ ಒಂಬತ್ತು ವರ್ಷದಿಂದ ತೂಗುಹಾಕಿದ್ದ ಕಸಬರಿಗೆ ತೆಗೆದುಕೊಂಡು, ತನ್ನ ಹೊಸ್ತಿಲಿನಿಂದ ಗುಡಿಸಲು ಶುರುಮಾಡಿದಳು. ಪೇಟೆಯವರು ಗಾಡಿಗಳನ್ನು ಹಿಂದಕ್ಕೆ ಸರಿಸಿದರು. ಮೇಡಂ ಹತ್ತಿರ ಹೋಗಿ, "ಅಮ್ಮಾ, ನಾವು ಇದನ್ನ ತೆಗೆಯಲ್ಲ, ಕ್ಯಾಮೆರಾ ಆಫ್ ಮಾಡಿದೀವಿ," ಎಂದರು. ಕಲ್ಲವ್ವ ಬಗ್ಗಿದಲ್ಲಿಂದಲೇ, "ಇದನ್ನ ಬ್ಯಾಡ್ರಿ. ಆ ಬಾಗಲಾ ಮುಚ್ಚಿದ್ದನ್ನ ತಗೀರಿ," ಎಂದಳು. ಪೇಟೆ, ಸಂದಿ, ಕಿಟಕಿಯ ಕೆಳಗೆ, ಹೋಗುವ ಸಾಲು, ಬರುವ ಸಾಲು, ಎಲ್ಲ ಗುಡಿಸಿದಳು. ಭಟ್ಟಿಯ ಹತ್ತಿರದ ಏಳನ್ನೂ ಗುಡಿಸಿ ಬಂದಳು. ನಮ್ಮ ಹೊಸ್ತಿಲ ಮುಂದಿನ ಎರಡು ಪಾದಗಳನ್ನು ಮಾತ್ರ ಬಿಟ್ಟಳು. ನಾನು ಕೈಮುಗಿದು, "ಚಿಗವ್ವಾ, ಇವೂ..." ಎಂದೆ. "ಇವು ಇರಲಿ ಗುರುಶಾಂತಾ. ನಿಮ್ಮ ಮನಿಗೆ ಬಂದಾನ ಅಂವಾ. ಒಳಗ ಬಾ ಅನ್ನೂತನಾ ನಿಂತಿರ್ತಾನ," ಎಂದು ಕಸಬರಿಗೆ ಝಾಡಿಸಿ, ರೊಟ್ಟಿಗೆ ಹೊತ್ತಾಯಿತೆಂದು ಹೋದಳು.

ಎರಡು ದಿನ ಚಿತ್ರೀಕರಣ ನಿಂತಿತು. ನಾನು ಕೆಲಸ ಬಿಡುತ್ತೇನೆ ಎಂದು ಚೀಟಿ ಬರೆದು, ಹರಿದು, ಮತ್ತೆ ಬರೆದೆ. ಅವ್ವ ಊಟ ಮಾಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ನಾನು ಸಿಟ್ಟು ಮಾಡಬೇಕೆಂದು ನೋಡಿದೆ, ಸಿಟ್ಟು ಬರಲಿಲ್ಲ. ಮೂರನೆಯ ದಿನ ಮೇಡಂ ಬಂದು ಜಗಲಿಯ ತುದಿಯಲ್ಲಿ ಕೂತರು. ಎತ್ತಿಹಾಕಿಕೊಂಡು ಹೋಗುವ ದೃಶ್ಯ ತೆಗೆದುಹಾಕಿದ್ದೇನೆ, ಫೈಟರ್‌ಗಳನ್ನು ವಾಪಸ್ ಕಳಿಸಿದೆ ಎಂದರು. ಈಗ ಬೇಕಾಗಿರುವುದು ಇಷ್ಟೇ. ಒಳಗೆ ಮೇಜಿನ ಮುಂದೆ ಒಬ್ಬ ಕೂತು ಓದುತ್ತಿದ್ದಾನೆ, ಕಿಟಕಿಗೆ ಬೆನ್ನು ಮಾಡಿ. ಹೊರಗೆ ಬಾಗಿಲು ಬಡಿಯುವ ಸದ್ದು. ಅವನು ಏಳುವುದಿಲ್ಲ. "ಬೇರೆ ನಟರನ್ನ ಕೂರಿಸಬಹುದು. ಆದ್ರೆ ಬೇರೆಯವರನ್ನ ಕೂರಿಸೋಕೆ ನೀವು ಒಪ್ತೀರಾ ಅಂತ ಕೇಳೋಕೆ ಬಂದೆ," ಎಂದರು. ನಾನು ರಾತ್ರಿಯವರೆಗೂ ಯೋಚಿಸುತ್ತೇನೆ ಎಂದು ಹೇಳುವವನಿದ್ದೆ. "ನಾನ ಕೂಡ್ತೀನ್ರಿ," ಎಂದುಬಿಟ್ಟೆ.

ಅದೇ ಮೇಜು. ಅದೇ ಪುಸ್ತಕವನ್ನು ಅಟ್ಟದಿಂದ ಹುಡುಕಿ ತಂದೆ. ಅಂಚಿನಲ್ಲಿ ಚಂದ್ರಾಮನ ಪೆನ್ಸಿಲ್ ಗುರುತುಗಳಿದ್ದವು. ನಿಹಾಲ್ ಹೊಸ್ತಿಲ ಮುಂದಿನ ಎರಡು ಪಾದಗಳನ್ನು ತುಳಿಯದೆ, ಅವುಗಳ ಪಕ್ಕದಲ್ಲಿ ಒತ್ತಾಗಿ ನಿಂತ. "ಆಕ್ಷನ್" ಎಂದರು. ಬಾಗಿಲು ಬಡಿದ ಸದ್ದು. ನಾನು ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. "ಕಟ್. ಪರವಾಗಿಲ್ಲ, ಇನ್ನೊಂದು." ಮತ್ತೆ ಕೂತೆ. ಅಕ್ಷರಗಳ ಮೇಲೆ ಕಣ್ಣು ನೆಟ್ಟೆ. ಬಡಿದ ಸದ್ದು. ಎದ್ದೆ. ನಾಲ್ಕನೆಯ ಸಲ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಆದರೂ ಎದ್ದು ಬಾಗಿಲವರೆಗೆ ಹೋಗಿ ಅಗುಳಿ ತೆಗೆದೇಬಿಟ್ಟೆ. ಎದುರಿಗೆ ನಿಹಾಲ್ ಎತ್ತಿದ ಕೈ ಹಾಗೆಯೇ ಹಿಡಿದು ನಿಂತಿದ್ದ. ಏಳು ಸಲ ಆಯಿತು, ಎಂಟು ಸಲ ಆಯಿತು. ಯಾರೂ ಬೈಯಲಿಲ್ಲ. ನನಗೆ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ, ಹೇಳಬಾರದು, ಒಳಗೊಳಗೇ ಒಂದು ಬಗೆಯ ಹಿಗ್ಗು. ನೋಡಿ, ನಾನು ಏಳುತ್ತಿದ್ದೆ, ಕೇಳಿಸಿದ್ದರೆ ಖಂಡಿತ ಏಳುತ್ತಿದ್ದೆ ಎಂದು ಎಲ್ಲರಿಗೂ ತೋರಿಸಿದಂತೆ.

ಒಂಬತ್ತನೆಯ ಸಲ. "ಆಕ್ಷನ್." ಬಾಗಿಲು ಬಡಿಯಿತು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಅಡುಗೆಮನೆಯ ಕತ್ತಲಿನಿಂದ ಅವ್ವನ ದನಿ ಬಂತು, ಮೆಲ್ಲಗೆ, ಒಂಬತ್ತು ವರ್ಷದ ಹಿಂದಿನ ಅದೇ ದನಿ: "ಯಾರೂ ಇಲ್ಲ, ಓದಿಕೋ."

ನಾನು ಕೂತೆ.

ಪುಟ ತಿರುಗಿಸಿದೆ ಕೂಡ. ಹೊರಗೆ ಇನ್ನೂ ಎರಡು ಸಲ ಬಡಿದರು, ಕಿಟಕಿಯಲ್ಲಿ ನೆರಳಾಡಿತು, ನನ್ನ ಬೆನ್ನು ಅಲುಗಲಿಲ್ಲ. ಮೇಡಂ "ಕಟ್" ಎಂದರು. ಅವರು "ಶಾಟ್ ಓಕೆ" ಎನ್ನುವುದನ್ನು ಮರೆತರು. ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿ ನಿಂತಿದ್ದಳು. ಅದನ್ನು ಅವಳು ಯಾಕೆ ಹೇಳಿದಳು, ನನ್ನ ಮೇಲಿನ ಕನಿಕರಕ್ಕೋ ಇನ್ನಾವುದಕ್ಕೋ, ನಾನು ಕೇಳಿಲ್ಲ.

ಸಂಜೆಯಾಗಿತ್ತು. ಹೊರಗೆ ಬಂದಾಗ ನಿಹಾಲ್ ತನ್ನ ಕಸಬರಿಗೆ ಹಿಡಿದು ಹೊಸ್ತಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ತನ್ನ ಹೆಜ್ಜೆಗಳನ್ನು ಒಂದೊಂದಾಗಿ ಗುಡಿಸುತ್ತಿದ್ದ. ಪಕ್ಕದ ಎರಡು ಪಾದಗಳಿಗೆ ಕಡ್ಡಿ ತಾಗದಂತೆ ಅಂಗೈ ಅಡ್ಡ ಹಿಡಿದುಕೊಂಡಿದ್ದ. ನನ್ನನ್ನು ನೋಡಿ ಮೇಲೆದ್ದ. ಏನೋ ಕೇಳಬೇಕೆಂದಿದ್ದಾನೆ, ಹೆದರುತ್ತಿದ್ದಾನೆ ಎಂಬುದು ತಿಳಿಯುತ್ತಿತ್ತು.

"ಸರ್," ಎಂದ, "ನಾನು ಬಡಿದದ್ದು ಒಳಗೆ ಕೇಳಿಸ್ತಾ ಇತ್ತಾ?"

"ಕೇಳಸ್ತಿತ್ತು," ಎಂದೆ.